ಆಕಳಿಸುವ ವಕೀಲರು

ಸವದತ್ತಿ ಕೋರ್ಟಿನಲ್ಲಿ ಜಟ್ಟೆಪ್ಪನ ದಾವೆ ಕೂಗಿದಾಗ ಅವನ ವಕೀಲ ನೀಲಪ್ಪನವರು ಎದ್ದು ಬಾಯಿ ತೆರೆದರು. ಜಟ್ಟೆಪ್ಪನಿಗೆ ಜೀವ ಬಂದಂತಾಯಿತು. ಅವರು ವರ್ಷಗಳಿಂದ ಮಾಡಿದಂತೆ ಆಕಳಿಸಿ, ಮುಂದಿನ ತಾರೀಖು ಕೇಳಿ ಹೊರಗೆ ಬಂದರು.

ಉಗರಗೋಳದಲ್ಲಿ ಜಟ್ಟೆಪ್ಪನದೊಂದು ಮಿರ್ಚಿ ಭಜಿ ಅಂಗಡಿ. ಪಕ್ಕದ ತೆಂಗಿನಕಾಯಿ ಅಂಗಡಿಯ ಮಡಿವಾಳೆಪ್ಪನ ಗೋಡೆ ತನ್ನ ಜಾಗದೊಳಗೆ ಗೇಣುದ್ದ ಬಂದಿದೆ ಎಂದು ಅವನ ತಕರಾರು. ರಾಜಿ ಮಾಡಿಕೊಳ್ಳಿ ಎಂದು ನೀಲಪ್ಪನವರು ಮೊದಲೇ ಹೇಳಿದ್ದರು. ಅದನ್ನೂ ಆಕಳಿಸುತ್ತ ಹೇಳಿದ್ದರಿಂದ ಜಟ್ಟೆಪ್ಪ ಕಿವಿಗೆ ಹಾಕಿಕೊಂಡಿರಲಿಲ್ಲ.

ಇಂಥ ವಕೀಲರ ಮೇಲೆ ಎಲ್ಲಿ ದೂರು ಕೊಡಬೇಕೆಂದು ಈಗ ಊರಲ್ಲೆಲ್ಲ ಕೇಳಿದ. ಅವನು ಉಪಕಾರ ಮರೆಯುವವನಲ್ಲ. ಸಲಹೆ ಕೊಟ್ಟವರಿಗೆಲ್ಲ ಒಂದೊಂದು ಪ್ಲೇಟು ಮಿರ್ಚಿ ಇಟ್ಟ. ಸಂಜೆಯೊಳಗೆ ಅರ್ಧ ಊರಿನವರು ಕಾನೂನು ಪಂಡಿತರಾದರು. ಟೆಂಪೋ ಓಡಿಸುವ ಬಾಬುಸಾಬ ಗ್ರಾಹಕರ ಕೋರ್ಟಿಗೆ ಹೋಗು ಎಂದ. ವಕೀಲರ ವಿಷಯದಲ್ಲಿ ಆ ಬಾಗಿಲು ಮುಚ್ಚಿದೆ ಎಂದು ನಿವೃತ್ತ ಮಾಸ್ತರ ಅಂದಾನೆಪ್ಪನವರು ಎರಡನೇ ಪ್ಲೇಟಿಗೆ ಕೈ ಹಾಕಿದರು. ವಕೀಲರ ಪರಿಷತ್ತಿಗೆ ದೂರು ಕೊಡಬಹುದು, ಆದರೆ ಅದರಿಂದ ಜಾಗ ಬರುವುದಿಲ್ಲ. ನೀಲಪ್ಪನವರಿಂದ ಒಪ್ಪಿಗೆ ಬರೆಸಿಕೊಂಡು ವಕೀಲರನ್ನೇ ಬದಲಿಸು ಎಂದರು. ಇಂಥ ಜನ ಸಿಗಲು ಪುಣ್ಯ ಬೇಕು ಎಂದು ಜಟ್ಟೆಪ್ಪ ಕಣ್ಣೊರೆಸಿಕೊಂಡ.

"ಕುಂತು ತಿನ್ನೋರ ಮಾತು ಕೇಳಿ ನಮ್ಮ ಒಲಿ ಆರಿಸ್ಬ್ಯಾಡ್ರಿ," ಎಂದಳು ಹೆಂಡತಿ ಇಂದ್ರವ್ವ. ಅವಳಿಗೆ ಮಾತ್ರ ಮಿರ್ಚಿ ಸಿಗಲಿಲ್ಲ.

ನೀಲಪ್ಪನವರು ಬೇಸರಪಡದೆ ಒಪ್ಪಿಗೆ ಬರೆದುಕೊಟ್ಟರು. ಹೊಸ ವಕೀಲೆ ಶೈಲಜಾ ಆಕಳಿಸುವವರಲ್ಲ. ಮೊದಲ ತಾರೀಖಿಗೇ ಎರಡೂ ಜಾಗ ಅಳೆಸಬೇಕೆಂದು ವಾದಿಸಿ ಆದೇಶ ತಂದರು. ಜಟ್ಟೆಪ್ಪ ಕೋರ್ಟಿನ ಅಂಗಳದಲ್ಲೇ ಅವರಿಗೆ ಕೈ ಮುಗಿದ.

ಅಳತೆಯ ದಿನ ಸಲಹೆಗಾರರೆಲ್ಲ ಬಂದು ಬೆಂಚು ಹಿಡಿದರು. ಸರ್ವೇಯರ್ ಎಳೆದ ಟೇಪು ಮಡಿವಾಳೆಪ್ಪನ ಗೋಡೆ ದಾಟಿ ಜಟ್ಟೆಪ್ಪನ ಅಂಗಡಿಗೆ ಬಂತು. ಮಿರ್ಚಿಯ ಒಲೆಯನ್ನೂ ದಾಟಿ ನಿಂತಿತು. ಅಲ್ಲಿ ಸುಣ್ಣದ ಗೆರೆ ಬಿತ್ತು. ಒಲೆ ಇದ್ದದ್ದೇ ಮಡಿವಾಳೆಪ್ಪನ ಜಾಗದಲ್ಲಿ.

"ನನಗ ಗೊತ್ತss ಇರಲಿಲ್ಲೋ ಜಟ್ಟೆಪ್ಪ," ಎಂದ ಮಡಿವಾಳೆಪ್ಪ, ಒಲೆಯ ಪಕ್ಕ ಸ್ಟೂಲು ಹಾಕಿಕೊಂಡು. "ನಿನ್ನ ಉಪಕಾರ ಸಾಯೂತನ ಮರಿಯಂಗಿಲ್ಲ."

ಜಟ್ಟೆಪ್ಪ ಸವದತ್ತಿಗೆ ಓಡಿ ನೀಲಪ್ಪನವರ ಕಾಲು ಹಿಡಿದ.

"ನಿಮ್ಮ ಒಲಿ ಎಲ್ಲೈತಿ ಅಂತ ನನಗ ಅನುಮಾನ ಇತ್ತು," ಎಂದರು ಅವರು. "ನಾ ಬಾಯಿ ತಗದಿದ್ರ ಅಳತಿ ಆಗ್ತಿತ್ತು. ಅದಕ್ಕss ಆಕಳಿಸ್ತಿದ್ದೆ."

ಇಷ್ಟು ವರ್ಷ ಒಲೆ ಉಳಿಸಿದ ದೇವರು ಇವರೇ ಎಂದು ಜಟ್ಟೆಪ್ಪ ಕೊಂಡಾಡಿದ. ತಿರುಗಿ ನೀವೇ ನಡೆಸಿ ಎಂದು ಬೇಡಿಕೊಂಡ. ಅದಕ್ಕೆ ಶೈಲಜಾ ಒಪ್ಪಿಗೆ ಬರೆದುಕೊಡಬೇಕಿತ್ತು. ಫೋನು ಮಾಡಿದರೆ ಅವರದು ಹುಮ್ಮಸ್ಸಿನ ದನಿ.

"ಹೆದರಬ್ಯಾಡ್ರಿ, ಕೇಸ್ ಬಿಡಂಗಿಲ್ಲ. ಹಿಂದಿನ ಜಾಗಾನೂ ಅಳತಿ ಮಾಡಸ್ತೇನಿ."

ಅಂಗಡಿಯ ಹಿಂದೆ ಇದ್ದದ್ದು ಅವನ ಅಡುಗೆಮನೆ.

ಜಟ್ಟೆಪ್ಪ ಊರಿಗೆ ಬಂದವನೇ ಅಂಗಡಿಯ ಬೆಂಚಿನ ಮೇಲಿದ್ದ ಅಂದಾನೆಪ್ಪ ಮಾಸ್ತರರ ಮುಂದೆ ಕೂತ. "ಮಾಸ್ತರ, ವಕೀಲರು ಭಾಳ ಚಲೋ ಕೆಲಸ ಮಾಡಿದ್ರ ಎಲ್ಲಿ ದೂರು ಕೊಡಬೇಕ್ರಿ?"

ಮಾಸ್ತರರು ಗಂಟಲು ಸರಿಮಾಡಿಕೊಂಡು ಪ್ಲೇಟಿಗೆ ಕಾದರು. ಜಟ್ಟೆಪ್ಪ ಅಭ್ಯಾಸಬಲದಿಂದ ಒಲೆಯ ಕಡೆ ನಡೆದ. ಸುಣ್ಣದ ಗೆರೆಯ ಹತ್ತಿರ ನಿಂತು, ಒಳಗೆ ಬರಲೇ ಎಂದು ಮಡಿವಾಳೆಪ್ಪನನ್ನು ಕೇಳಿದ.