ಗೇಟಿನ ಆಚೆ ಅಮ್ಮ, ಈಚೆ ದೇವರಿಲ್ಲ

ಈ ದಿನ ಮಾಡಿದ ಕೆಲಸಗಳು: ದೋಸೆಗೆ ಅಕ್ಕಿ ನೆನೆಹಾಕಿದ್ದು, ಕರಿಬೇವಿನ ಗಿಡದ ಬುಡಕ್ಕೆ ಹುಳಿಮಜ್ಜಿಗೆ ಸುರಿದದ್ದು, ಮನೆಯ ದುಪ್ಪಟಗಳನ್ನೆಲ್ಲ ಒಗೆದದ್ದು, ಯಜಮಾನರ ಅಂಗಿಗೆ ಗುಂಡಿ ಹೊಲಿದದ್ದು, ದೇವರು ಇದ್ದಾನೋ ಇಲ್ಲವೋ ಎಂಬ ವಿಷಯವನ್ನು ಇತ್ಯರ್ಥ ಮಾಡಿದ್ದು. ಕೊನೆಯದೊಂದು ಮಾತ್ರ ಸ್ವಲ್ಪ ಕೈಮೀರಿತು.

ತಮಿಳು ಸೀಮೆಯ ಕಾರಮಡೈಯಲ್ಲಿ ಕನ್ನಡ ಮಾತಾಡುವ ನಮ್ಮ ಮನೆ ಬಸ್ಸು ಓಡಾಡುವ ರಸ್ತೆಯಲ್ಲೇ ಇದೆ. ಉದ್ದನೆಯ ಕಾಂಪೌಂಡು ಗೋಡೆ, ನಡುವೆ ಗೇಟು. ಇಂಥ ಗೋಡೆ ಕಂಡರೆ ನಮ್ಮ ಕಡೆ ಯಾರಿಗೂ ಕೈ ಸುಮ್ಮನಿರುವುದಿಲ್ಲ. ಮೊನ್ನೆ ನಮ್ಮ ಕುಲದೇವತೆ ಅಮ್ಮನ ಕೋಯಿಲಿನ, ಎಂದರೆ ಗುಡಿಯ, ಹುಡುಗರು ಬಂದು, "ಅಕ್ಕಾ, ಅಮ್ಮನ ಕುಂಭಾಭಿಷೇಕದ ವಿಳಂಬರ ಬರೀತೀವಿ" ಎಂದರು. ಜಾಹೀರಾತಿಗೆ ನಾವು ಹೇಳುವುದು ಹಾಗೆ. ಅವರು ಕೇಳಲಿಲ್ಲ, ತಿಳಿಸಿದರು. ಎಡಭಾಗ ಅವರದಾಯಿತು.

ಅವರ ಹಿಂದೆಯೇ ಡ್ರಾಯಿಂಗ್ ವಾದ್ಯಾರು ಬಂದರು. ನಿವೃತ್ತ ಮೇಷ್ಟ್ರು, ನಮ್ಮ ಮಕ್ಕಳಿಗೆ ಆನೆ ಬರೆಯಲು ಕಲಿಸಿದವರು, ಈಗ ದೇವರನ್ನು ನಂಬದವರ ಸಂಘದಲ್ಲಿದ್ದಾರೆ. ಮಜ್ಜಿಗೆ ಕುಡಿದು, ಲೋಟ ತೊಳೆದಿಟ್ಟು, "ಅಮ್ಮಾ, ಬಲಗಡೆ ಖಾಲಿ ಇದೆಯಲ್ಲ, ನಮ್ಮದೊಂದು ವಾಕ್ಯ ಬರೀಬಹುದಾ? ಬೇಡ ಅಂದ್ರೆ ಬೇಸರ ಇಲ್ಲ" ಎಂದರು. ಇಷ್ಟು ಮರ್ಯಾದೆಯಿಂದ ಕೇಳಿದವರಿಗೆ ಇಲ್ಲ ಎನ್ನುವುದು ಹೇಗೆ? ಮದುವೆ ಮಂಟಪದಲ್ಲಿ ಗಂಡಿನ ಕಡೆಯವರು ಒಂದು ಪಕ್ಕ, ಹೆಣ್ಣಿನ ಕಡೆಯವರು ಒಂದು ಪಕ್ಕ ಕೂರುವುದಿಲ್ಲವೇ, ಹಾಗೇ ಇರಲಿ ಎಂದು ತೀರ್ಪು ಕೊಟ್ಟುಬಿಟ್ಟೆ.

ಪೇಂಟರ್ ವೇಲು ನಿನ್ನೆ ಸಂಜೆ ಎರಡನ್ನೂ ಒಂದೇ ಉಸಿರಿಗೆ ಬರೆದು ಮುಗಿಸಿದ. ಎಡಗಡೆ, "ಅಮ್ಮನ ಕುಂಭಾಭಿಷೇಕ, ಎಲ್ಲರೂ ಬಂದು ಅರುಳು ಪಡೆಯಿರಿ", ಅರುಳು ಎಂದರೆ ಕೃಪೆ. ಬಲಗಡೆ, "ದೇವರಿಲ್ಲ, ಒಬ್ಬರಿಗೊಬ್ಬರು ನಾವಿದ್ದೇವೆ". ಎರಡೂ ತಮಿಳಿನಲ್ಲಿ, ಎರಡೂ ಒಂದೇ ಡಬ್ಬಿಯ ಕೆಂಪು ಪುಡಿಬಣ್ಣದಲ್ಲಿ. ನೋಡಿ ಹೆಮ್ಮೆಪಟ್ಟೆ.

ಬೆಳಿಗ್ಗೆ ಯಜಮಾನರು ಕುನ್ನತ್ತೂರಿನ ನೆಂಟರ ಮನೆಯಿಂದ ವಾಪಸು ಬಂದವರು ಗೇಟಿನ ಹೊರಗೇ ನಿಂತರು.

"ಇದೇನಿದು?"

"ಬಲಗಡೆಯದು ವಾದ್ಯಾರದುಂಗ" ಎಂದೆ, ಇಲ್ಲಿನ ಮರ್ಯಾದೆಯ "ಉಂಗ" ಸೇರಿಸಿ.

"ಅದಿರಲಿ, ಈ ಸಲ ಪರಿವಟ್ಟ ಯಾರಿಗೆ?"

ಆಗ ನನಗೆ ಹೊಳೆಯಿತು. ಕುಂಭಾಭಿಷೇಕದ ದಿನ ಅಮ್ಮನಿಗೆ ಉಡಿಸಿದ ಬಟ್ಟೆಯನ್ನು ಒಬ್ಬರ ತಲೆಗೆ ಪೇಟದ ಹಾಗೆ ಕಟ್ಟಿ ಗೌರವಿಸುತ್ತಾರೆ. ಅದೇ ಪರಿವಟ್ಟ. ಮಾವನವರು ಸರದಿಗೆ ಕಾದೂ ಕಾದೂ ತೀರಿಕೊಂಡರು. ಈಗ ಇವರ ಸರದಿ. ಕನ್ನಡಿಯ ಮುಂದೆ ಟವಲು ಸುತ್ತಿಕೊಂಡು ಅಭ್ಯಾಸ ಮಾಡುವುದನ್ನು ನಾನೇ ಕಂಡಿದ್ದೇನೆ.

"ತಲೆ ಮೇಲೆ ಅಮ್ಮನ ಬಟ್ಟೆ, ಗೋಡೆ ಮೇಲೆ ದೇವರಿಲ್ಲ. ದೊಡ್ಡಪ್ಪ ನೋಡಿದ್ರೆ ಪರಿವಟ್ಟ ಪಕ್ಕದ ಮನೆಗೆ ಹೋಗುತ್ತೆ. ಈಗ ಕಾಪಿಗೆ ಬರ್ತಾರೆ ಬೇರೆ."

ದೊಡ್ಡಪ್ಪ ಎಂದರೆ ಇವರ ತಂದೆಯ ಅಣ್ಣ, ಕೋಯಿಲಿನ ಹಿರಿಯರು.

"ನೀವು ಸ್ನಾನಕ್ಕೆ ಹೋಗಿ, ನಾನು ನೋಡ್ಕೋತೀನಿ" ಎಂದೆ. ಕೊಟ್ಟ ಮಾತು ಅಳಿಸಬಾರದು, ದೊಡ್ಡಪ್ಪನಿಗೆ ಕಾಣಲೂಬಾರದು. ಅಂಗಳದಲ್ಲಿ ಸ್ಟೂಲು ಹಾಕಿ ಹತ್ತಿ, ಒದ್ದೆ ದುಪ್ಪಟವನ್ನು ಬಲಗಡೆಯ ಗೋಡೆಯ ಮೇಲಿಂದ ರಸ್ತೆಗೆ ಇಳಿಬಿಟ್ಟೆ. ಬಟ್ಟೆಯೂ ಒಣಗುತ್ತದೆ, ಮಾನವೂ ಉಳಿಯುತ್ತದೆ.

ದೊಡ್ಡಪ್ಪ ಬಂದರು. ಒಳಗೆ ಮಾತ್ರ ಬರಲಿಲ್ಲ. ಹೊರಗೆ ಹೋಗಿ ನೋಡಿದೆ. ಅಂಗಳದಲ್ಲಿ ನಿಂತವಳ ಬಲಗಡೆ ರಸ್ತೆಯವರಿಗೆ ಎಡಗಡೆ. ಅಮ್ಮನ ಮೇಲೆ ನಮ್ಮ ಹೂವಿನ ದುಪ್ಪಟ ಹೊದಿಕೆಯಾಗಿತ್ತು. ದೇವರಿಲ್ಲ ಎಂಬುದು ಬಿಸಿಲಿನಲ್ಲಿ ಥಳಥಳಿಸುತ್ತಿತ್ತು.

"ಏನಮ್ಮಾ, ಅಮ್ಮನಿಗೆ ಚಳಿಯಾ?" ಎಂದರು.

ಗಾಬರಿಯಲ್ಲಿ ದುಪ್ಪಟ ಎಳೆದೆ. ಅದರ ಜೊತೆಗೆ ಪುಡಿಬಣ್ಣವೂ ಬಂತು. ಕುಂಭಾಭಿಷೇಕವೆಲ್ಲ ದುಪ್ಪಟದ ಮೇಲೆ ತಿರುಗುಮುರುಗಾಗಿ ಅಚ್ಚಾಗಿತ್ತು. ಗೋಡೆಯ ಮೇಲೆ ಉಳಿದದ್ದು "ಎಲ್ಲರೂ ಬಂದು" ಅಷ್ಟೇ.

ಆ ಗಳಿಗೆಗೆ ಸರಿಯಾಗಿ ವಾದ್ಯಾರು ಸೈಕಲ್ಲಿನಲ್ಲಿ ಬಂದಿಳಿದರು. ಹೊರಗಿನವರಿಗೆ ತಿಳಿಯಬಾರದೆಂದರೆ ತಮಿಳು ಬಿಟ್ಟು ಕನ್ನಡಕ್ಕೆ ಹೊರಳುವುದು ನಮ್ಮ ಮನೆಗಳ ಅಭ್ಯಾಸ. ದೊಡ್ಡಪ್ಪ ಹಾಗೇ ಹೊರಳಿದರು.

"ಈ ಆಳಿಗೆ ಗೋಡೆ ಕೊಟ್ಟದ್ದು ಸಾಲದು ಅಂತ ಮಜ್ಜಿಗೆಯನ್ನೂ ಕೊಟ್ಟಿರ್ತೀಯ."

"ಕೊಟ್ರು ಸಾಮಿ. ಚೆನ್ನಾಗಿತ್ತು" ಎಂದರು ವಾದ್ಯಾರು, ಕನ್ನಡದಲ್ಲೇ.

ನಮ್ಮ ಬೀದಿಯ ಮಕ್ಕಳಿಗೇ ಜೀವಮಾನವಿಡೀ ಪಾಠ ಹೇಳಿದವರು. ಇಷ್ಟು ಕಾಲ ಅವರೆದುರು ಏನೇನು ಆಡಿಕೊಂಡಿದ್ದೆವೋ ಎಂದು ನಾವಿಬ್ಬರೂ ಮನಸ್ಸಿನಲ್ಲೇ ಹುಡುಕತೊಡಗಿದೆವು.

ದೊಡ್ಡಪ್ಪ ಸುಧಾರಿಸಿಕೊಂಡು, "ನಂಬೋರು ಓಡಾಡೋ ದಾರಿ ಇದು ವಾದ್ಯಾರೆ. ಮನಸ್ಸಿಗೆ ನೋವಾಗಲ್ವಾ?" ಎಂದರು.

"ನಾನೂ ಇದೇ ದಾರೀಲಿ ಓಡಾಡೋನು. ಊರ ಗೋಡೆಯೆಲ್ಲ ನಿಮ್ಮದೇ ಬರಹ. ಓದ್ತೀನಿ, ಹೋಗ್ತೀನಿ. ಅನ್ನದಾನಕ್ಕೂ ಬರ್ತೀನಿ."

"ಹೋದ ಸಲ ಎರಡನೇ ಪಂಕ್ತೀಲೂ ಕೂತಿದ್ರಿ."

"ಪಾಯಸ ಹಾಗಿತ್ತು."

ಯಜಮಾನರು ತಲೆಗೆ ಟವಲು ಸುತ್ತಿಕೊಂಡೇ ಓಡಿಬಂದರು. ದೊಡ್ಡಪ್ಪ ಅವರ ಕಡೆ ತಿರುಗಿ, "ನೀನು ಹೇಳು. ಅದನ್ನ ಅಳಿಸ್ತೀಯಾ, ಪರಿವಟ್ಟ ಬಿಡ್ತೀಯಾ?" ಎಂದರು.

ಇವರು ಗೋಡೆ ನೋಡಿದರು, ನನ್ನನ್ನು ನೋಡಿದರು.

"ಈ ಜಾಗ ಇವಳಪ್ಪ ಕೊಟ್ಟಿದ್ದು ದೊಡ್ಡಪ್ಪಾ. ಮಾತು ಕೊಟ್ಟಿರೋಳೂ ಇವಳೇ. ಅಳಿಸು ಅಂತ ನಾನು ಹೇಳಲಾರೆ. ತಲೆ ಒಂದೇ ನನ್ನದು, ಅದಕ್ಕೆ ಕಟ್ಟೋದೂ ಬಿಡೋದೂ ನಿಮ್ಮಿಷ್ಟ."

ದೊಡ್ಡಪ್ಪ ಗೋಡೆಯ ಕೆಂಪು ಕಲೆಗೆ ಬೆರಳು ತಾಗಿಸಿ ನೋಡಿದರು. "ಮೊದಲು ಅಮ್ಮನದು ಸರಿಯಾಗಲಿ. ವೇಲು ಎಲ್ಲಿ?"

ವೇಲು ಅಂಗಡಿಯ ಬೋರ್ಡು ಬರೆಯಲು ಗಾಂಧಿಪುರಂಗೆ ಹೋಗಿದ್ದ. ಎಲ್ಲರ ಕಣ್ಣೂ ನಿಧಾನವಾಗಿ ಡ್ರಾಯಿಂಗ್ ವಾದ್ಯಾರ ಮೇಲೆ ಬಿತ್ತು.

"ಅಕ್ಷರ ಬರೆಯೋಕೆ ಬ್ರಷ್ ಇದ್ರೆ ಸಾಕು" ಎಂದು ಅವರು ಅಂಗಿಯ ತೋಳು ಮಡಿಚಿದರು. ದೊಡ್ಡಪ್ಪ ಬಣ್ಣದ ಡಬ್ಬಿ ಹಿಡಿದು ನಿಂತರು. ಕುಂಭಾಭಿಷೇಕ ಮತ್ತೆ ಎದ್ದಿತು, ಪಕ್ಕದಲ್ಲೊಂದು ಕಲಶವೂ ಸೇರಿತು.

"ಇನ್ನೊಂದು ಮಾವಿನೆಲೆ ಹಾಕಿ."

"ಜಾಗ ಇಲ್ಲ ಸಾಮಿ."

ಮುಗಿದಾಗ ದೇವರಿಲ್ಲ ಎಂಬುದಕ್ಕಿಂತ ಅಮ್ಮನ ಕಡೆಯೇ ಚೆಂದವಿತ್ತು. ದೊಡ್ಡಪ್ಪ ಹೊರಡುವಾಗ ಇವರಿಗೆ, "ಅವತ್ತು ತಲೆಗೆ ಎಣ್ಣೆ ಹಚ್ಚಬೇಡ, ಬಟ್ಟೆ ಜಾರುತ್ತೆ" ಎಂದರು. ಇವರ ಮುಖ ನೋಡಬೇಕಿತ್ತು.

ಸಂದರ್ಭ ಚೆನ್ನಾಗಿದೆಯೆಂದು ನಾನು ಗಂಟಲು ಸರಿಮಾಡಿಕೊಂಡು, "ಗೋಡೆ ಅಂದ್ರೆ ಎಲ್ಲರದೂ. ಎರಡು ಮಾತೂ ಅಕ್ಕಪಕ್ಕ ಇದ್ರೆ ಓದೋರೇ..." ಎಂದು ಆರಂಭಿಸಿದೆ.

"ಅಮ್ಮಾ, ಟ್ಯಾಂಕು ತುಂಬಿ ಹರೀತಾ ಇದೆ, ಮೋಟಾರು ನಿಲ್ಲಿಸಿ" ಎಂದರು ದೊಡ್ಡಪ್ಪ ಮತ್ತು ವಾದ್ಯಾರು, ಒಂದೇ ದನಿಯಲ್ಲಿ.

ರಾತ್ರಿ ಅಕ್ಕಿ ಬೇಳೆ ಅನ್ನ, ಮೇಲೆ ತುಪ್ಪ, ಕರಿದ ಹಪ್ಪಳ. ಉಳಿದ ಭಾಷಣವನ್ನು ಯಜಮಾನರಿಗೆ ಹೇಳತೊಡಗಿದೆ. ಅದು ಮುಗಿಯುವ ಮೊದಲೇ ಅವರು ನಿದ್ದೆಹೋದರು.