ಗೋಡೆಗೆ ಅಂಟಿಸಿದ ರೇಷ್ಮೆಗೂಡು

ಒಂದು ಕೋಣೆಯೊಳಗೆ ಹೊರಗಿನ ಸದ್ದು ಬಾರದಂತೆ ಮಾಡುವುದು ಎಷ್ಟರ ಕೆಲಸ! ವಿಜ್ಞಾನದ ಮೇಷ್ಟ್ರಿಗೆ ಒಂದು ಶನಿವಾರ, ಒಂದು ಭಾನುವಾರ ಸಾಕು. ಹೀಗೆಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಸರೋಜ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ತಲೆ ಎತ್ತಿ ಒಂದು ಗಳಿಗೆ ನನ್ನನ್ನೇ ನೋಡಿದಳು. ಮತ್ತೆ ಬೀಜ ಬಿಡಿಸತೊಡಗಿದಳು. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ.

ಎಪ್ಪತ್ತರ ದಶಕದ ಕೊನೆಯ ಮಾತು. ಮುಳಬಾಗಿಲಿನಲ್ಲಿ ನನಗೆ ಮೇಷ್ಟ್ರ ಕೆಲಸ, ಎರಡು ಕೋಣೆಯ ಬಾಡಿಗೆ ಮನೆ. ಸರೋಜಳ ಓದು ಮದುವೆಯ ಗಡಿಬಿಡಿಯಲ್ಲಿ ಎಸ್ಸೆಸ್ಸೆಲ್ಸಿಗೇ ನಿಂತುಹೋಗಿತ್ತು. ಖಾಸಗಿಯಾಗಿ ಎರಡು ಸಲ ಕಟ್ಟಿದ್ದಳು, ಎರಡು ಸಲವೂ ಗಣಿತ ಕೈಕೊಟ್ಟಿತ್ತು. "ಇದೇ ಕೊನೆ ಸಲ ರೀ. ಪಾಸಾದ್ರೆ ಟೀಚರ್ ಟ್ರೈನಿಂಗ್ ಸೇರ್ತೀನಿ. ಆಗದಿದ್ರೆ ಇನ್ನು ಪುಸ್ತಕ ಮುಟ್ಟಲ್ಲ" ಎಂದು ಹಟ ಹಿಡಿದು ಕೂತಿದ್ದಳು. ಪರೀಕ್ಷೆಗೆ ಎರಡೇ ತಿಂಗಳು ಉಳಿದಿತ್ತು.

ಆದರೆ ನಮ್ಮ ಪಕ್ಕದ ಮನೆಯಲ್ಲಿ ಹಾರ್ಮೋನಿಯಂ ನಾರಾಯಣಪ್ಪನವರಿದ್ದರು. ಅರವತ್ತು ದಾಟಿದ ದೊಡ್ಡ ಮನುಷ್ಯರು. ಸುತ್ತಲ ಹಳ್ಳಿಯವರಿಗೆ ಪೌರಾಣಿಕ ನಾಟಕ ಕಲಿಸುತ್ತಿದ್ದರು. ದಿನಾ ಬೆಳಿಗ್ಗೆ, ಸಂಜೆ ಅವರ ಮನೆಯಲ್ಲಿ ತಾಲೀಮು. ಕನ್ನಡದಲ್ಲೊಂದು ಕಂದಪದ್ಯ, ತೆಲುಗಿನಲ್ಲೊಂದು ಪದ್ಯಂ. ರಾಕ್ಷಸನ ಪಾರ್ಟಿನವನು ಬೈರಕೂರಿನ ಕಡೆಯ ರೈತ. ಮಾವಿನ ತೋಪಿನಲ್ಲಿ ಕೋತಿ ಓಡಿಸಿ ಓಡಿಸಿ ಬೆಳೆಸಿದ ಗಂಟಲು ಅದು. ಅವನು ಒಂದು ಸಲ "ಎಲವೋ!" ಎಂದರೆ ನಮ್ಮ ಗೋಡೆಯ ಗೂಡಿನಲ್ಲಿಟ್ಟಿದ್ದ ಲೋಟ ತಾನಾಗಿ ನಡೆದು ಅಂಚಿಗೆ ಬರುತ್ತಿತ್ತು!

"ಹೋಗಿ ಒಂದು ಮಾತು ಹೇಳ್ರೀ. ಒಳ್ಳೆಯೋರು, ಕೇಳ್ತಾರೆ" ಎಂದಳು ಸರೋಜ.

ಹೇಳುವಂತಿರಲಿಲ್ಲ. ನಾವು ಆ ಮನೆಗೆ ಬಂದ ಮೊದಲ ದಿನವೇ ನಾನು ಕೈಮುಗಿದು, "ನಿಮ್ಮ ಸಂಗೀತ ಕೇಳಿಕೊಂಡು ಇರೋದು ನಮ್ಮ ಪುಣ್ಯ" ಎಂದುಬಿಟ್ಟಿದ್ದೆ. ಮರ್ಯಾದೆಗೆ ಆಡಿದ ಮಾತು. ಅವರು ನಿಜವೆಂದುಕೊಂಡು, ಅಂದಿನಿಂದ ಹಾರ್ಮೋನಿಯಮ್ಮಿನ ಮುಖವನ್ನು ನಮ್ಮ ಗೋಡೆಯ ಕಡೆಗೇ ತಿರುಗಿಸಿ ಇಟ್ಟುಕೊಂಡಿದ್ದರು. ಈಗ ಯಾವ ಬಾಯಿಂದ ಹೇಳಲಿ?

ಉಳಿದದ್ದು ಒಂದೇ ದಾರಿ. ವಿಜ್ಞಾನ!

ಹಿಂದಿನ ವರ್ಷ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಹೋದಾಗ ರೇಡಿಯೋ ಕೇಂದ್ರ ನೋಡಿದ್ದೆ. ಅಲ್ಲಿ ಗೋಡೆಗೆಲ್ಲ ಮೆತ್ತನೆಯ ಹೊದಿಕೆ. ಮೆತ್ತಗಿರುವುದು, ಉಬ್ಬುತಗ್ಗಿರುವುದು ಸದ್ದನ್ನು ನುಂಗುತ್ತದೆ ಎಂದು ಅಲ್ಲಿನವರು ವಿವರಿಸಿದ್ದರು. ಸರೋಜ, "ಹಾಗಾದ್ರೆ ಹಳೇ ಕಂಬಳಿ ನೇತುಹಾಕಿ" ಎಂದಳು.

"ಕಂಬಳಿ ನೇತುಹಾಕೋಕೆ ಇದೇನು ಕುರಿ ರೊಪ್ಪವೇನೇ? ಮಾಡಿದ್ರೆ ಅಂದವಾಗಿ ಮಾಡಬೇಕು. ನೋಡಿದೋರು ಬೆರಗಾಗಬೇಕು ಕಣೇ!" ಎಂದೆ. ಬೆರಗಾದರು. ಅದು ಆಮೇಲಿನ ಮಾತು.

ಮೆತ್ತಗಿರಬೇಕು, ಉಬ್ಬಿರಬೇಕು, ಅಂದವಾಗಿರಬೇಕು. ಯೋಚಿಸುತ್ತ ಕೂತವನಿಗೆ ಹೊಳೆಯಿತು. ರೇಷ್ಮೆಗೂಡು! ಸರೋಜಳ ತಮ್ಮ ಮುನಿರಾಜು ಹುತ್ತೂರಿನಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುತ್ತಿದ್ದ. ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಬಸ್ಸು ಹತ್ತಿದೆ.

ಮುನಿರಾಜು ಸಂತೋಷದಿಂದ ಒಂದು ಬುಟ್ಟಿ ತಂದಿಟ್ಟ. ಪ್ರತಿ ಗೂಡಿನ ತುದಿಯಲ್ಲೂ ಒಂದೊಂದು ತೂತು! ಹಾರ ಮಾಡುವವರಿಗೆಂದು ಎತ್ತಿಟ್ಟಿದ್ದ ಗೂಡಂತೆ.

"ತೂತಿರೋದು ಬೇಡಪ್ಪ. ತೂತಿನಿಂದ ಸದ್ದು ಒಳಗೆ ಬರುತ್ತೆ. ಅಗೋ, ಆ ಗುಂಡಗಿರೋದು ಕೊಡು" ಎಂದು ಆಗತಾನೆ ಬಿಡಿಸಿ ರಾಶಿ ಹಾಕಿದ್ದ ಹೊಸ ಗೂಡು ತೋರಿಸಿದೆ.

"ಕೊಡೋಕೇನು ಭಾವ, ನೀವು ಕೇಳೋದು ಹೆಚ್ಚಾ, ನಾನು ಕೊಡೋದು ಹೆಚ್ಚಾ? ಆದ್ರೆ ಇದು ಹಸಿ ಗೂಡು. ಮೊದಲು ಹಬೆಯಲ್ಲಿ..."

"ಏನಯ್ಯಾ, ನನಗೇ ರೇಷ್ಮೆ ಹುಳುವಿನ ಪಾಠ ಹೇಳ್ತೀಯಾ? ಏಳನೇ ಕ್ಲಾಸಿಗೆ ಈ ತಿಂಗಳು ಅದನ್ನೇ ಮಾಡ್ತಿದ್ದೀನಿ!"

ಮುನಿರಾಜು ಸಾಧು ಹುಡುಗ, ಅಕ್ಕನ ಗಂಡ ಎಂಬ ಗೌರವ ಬೇರೆ. ಬಾಯಿ ಮುಚ್ಚಿಕೊಂಡು ಎರಡು ಚೀಲ ತುಂಬಿಕೊಟ್ಟ.

ಭಾನುವಾರ ಇಡೀ ದಿನ ಕಾರ್ಯಕ್ರಮ ನಡೆಯಿತು. ಗೋಡೆಗೆ ಗೋಣಿತಾಟು ಹೊಡೆದೆ. ಮೈದಾ ಕುದಿಸಿ ಒಂದು ಕೊಳದಪ್ಪಲೆ ಅಂಟು ಮಾಡಿದೆ. ಸಾರು ಮಾಡಲು ಪಾತ್ರೆ ಇಲ್ಲದೆ ಸರೋಜ ಅಂದು ಉಪ್ಪಿನಕಾಯಿ ಬಡಿಸಿದಳು. ಒಂದೊಂದೇ ಗೂಡನ್ನು ಅಂಟಿಸುತ್ತ ಗೋಡೆಯ ತುಂಬ ಅರಳಿದ ಕಮಲ ಮೂಡಿಸಿದೆ. ಬಾಗಿಲ ಚೌಕಟ್ಟಿನ ಸುತ್ತ ಗೋಣಿಯನ್ನು ನಾಲ್ಕು ಮಡಿಕೆ ಮಾಡಿ ಬಡಿದೆ. ಭುಜ ಕೊಟ್ಟು ತಳ್ಳಿದರೆ ಮಾತ್ರ ಬಾಗಿಲು ಕೂರುತ್ತಿತ್ತು. ಗಾಳಿಯೇ ನುಸುಳದ ಮೇಲೆ ಸದ್ದಿನ ಪಾಡೇನು! ಸಂಜೆ ಸರೋಜಳನ್ನು ಕರೆದು ತೋರಿಸಿದೆ.

"ಹಲಸಿನಹಣ್ಣು ಚೆನ್ನಾಗಿ ಬಂದಿದೆ" ಎಂದಳು.

ಸೋಮವಾರ ಸಂಜೆ ಅವಳನ್ನು ಒಳಗೆ ಕೂರಿಸಿ ಬಾಗಿಲು ಹಾಕಿದೆ. ಸ್ವಲ್ಪ ಹೊತ್ತು ಬಿಟ್ಟು ತೆಗೆದು ಕೇಳಿದೆ, "ಹಾರ್ಮೋನಿಯಂ ಕೇಳಿಸ್ತಾ?"

"ಇಲ್ಲ."

"ನೋಡಿದೆಯಾ! ಇದಕ್ಕೇ ವಿಜ್ಞಾನ ಅನ್ನೋದು."

"ಅವರು ಊರಲ್ಲೇ ಇಲ್ಲ ರೀ. ಆವನಿ ಹತ್ತಿರ ಯಾವುದೋ ಹಳ್ಳೀಲಿ ನಾಟಕ ಅಂತೆ. ಶನಿವಾರ ಬರ್ತಾರೆ."

ಇಂಥ ಸಣ್ಣ ವಿಷಯಗಳನ್ನು ಲೆಕ್ಕಿಸುವವನು ನಾನಲ್ಲ. ಮರುದಿನವೇ ಸ್ಕೂಲಿನಲ್ಲಿ ನನ್ನ ಸಾಧನೆಯನ್ನು ಪ್ರಕಟಿಸಿದೆ. ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಕಿವಿಗೊಟ್ಟರು. ಅವರ ಮನೆ ಹಿಟ್ಟಿನ ಮಿಲ್ಲಿನ ಪಕ್ಕದಲ್ಲಿತ್ತು ಪಾಪ. "ಭಾನುವಾರ ನಮ್ಮ ಮನೆಯವರನ್ನೂ ಕರ್ಕೊಂಡು ಬರ್ತೀನಿ. ಸರಿಯಾಗಿದ್ರೆ ನಮ್ಮಲ್ಲೂ ಮಾಡಿಕೊಡಿ" ಎಂದರು. ನನ್ನ ಎದೆ ಎರಡು ಅಂಗುಲ ಉಬ್ಬಿತು.

ಗುರುವಾರ ಸರೋಜ, "ಕೋಣೇಲಿ ಏನೋ ವಾಸನೆ ರೀ" ಎಂದಳು. ಮೈದಾ ಹುಳಿ ಬಂದಿರಬೇಕು ಎಂದೆ. ಶನಿವಾರ, "ಗೋಡೆಯೊಳಗೆ ಏನೋ ಚರಚರ ಅನ್ನುತ್ತೆ" ಎಂದಳು.

"ನಿಶ್ಶಬ್ದ ಪೂರ್ತಿ ಆದಾಗ ಸೂಕ್ಷ್ಮ ಶಬ್ದಗಳೂ ಕೇಳಿಸುತ್ತವೆ. ಅದು ಯಶಸ್ಸಿನ ಗುರುತು ಕಣೇ!" ಎಂದು ವಿವರಿಸಿದೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೆಡ್‌ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ, ಅವರ ಹೆಂಡತಿ ರತ್ನಮ್ಮನವರು ತಿಳಿನೀಲಿ ರೇಷ್ಮೆ ಸೀರೆಯಲ್ಲಿ ದಯಮಾಡಿಸಿದರು. ಸರೋಜ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಳು. ಪಕ್ಕದ ಮನೆಯಲ್ಲಿ ಆಗಲೇ ಶ್ರುತಿ ಏಳುತ್ತಿತ್ತು. ಇದಕ್ಕಿಂತ ಪ್ರಶಸ್ತವಾದ ಮುಹೂರ್ತ ಯಾವುದು? ಅತಿಥಿಗಳನ್ನು ಕೋಣೆಯಲ್ಲಿ ಕುರ್ಚಿಯ ಮೇಲೆ ಕೂರಿಸಿ, ಒಳಗಿನಿಂದ ಬಾಗಿಲನ್ನು ತಳ್ಳಿ, ಮೈಭಾರವನ್ನೆಲ್ಲ ಹಾಕಿ ಕೂರಿಸಿದೆ.

"ಈಗ ಆಲಿಸಿ" ಎಂದೆ.

ಆಲಿಸಿದೆವು. ಹಾರ್ಮೋನಿಯಂ ಕೇಳಿಸಿತು. ತಬಲಾ ಕೇಳಿಸಿತು. "ಎಲವೋ!" ಕೇಳಿಸಿತು. ನಡುವೆ ಯಾರೋ ವೀಳ್ಯದೆಲೆ ಕೇಳಿದ್ದೂ ಕೇಳಿಸಿತು!

"ಎಲ್ಲಾ ಕೇಳಿಸ್ತಿದೆಯಲ್ರೀ" ಎಂದರು ಹೆಡ್‌ಮೇಷ್ಟ್ರು.

ಅಷ್ಟರಲ್ಲಿ ರತ್ನಮ್ಮನವರು ಗೋಡೆಯ ಕಡೆ ಬೆರಳು ಮಾಡಿ, "ಹಲಸಿನಹಣ್ಣು ಅಲ್ಲಾಡ್ತಿದೆ" ಎಂದರು.

ಕಮಲದ ನಡುವಿನ ಗೂಡೊಂದರ ತುದಿ ಒದ್ದೆಯಾಯಿತು. ಒಂದು ತಲೆ ಹೊರಬಂತು. ಎರಡು ಮೀಸೆ. ಆರು ಕಾಲು. ಮುದುರಿದ ರೆಕ್ಕೆ. ಪಕ್ಕದಲ್ಲಿ ಇನ್ನೊಂದು. ಮೇಲೆ ಹತ್ತು. ನೋಡನೋಡುತ್ತಿದ್ದಂತೆ ಗೋಡೆಗೆ ಗೋಡೆಯೇ ಜೀವ ತಳೆಯಿತು! ಬಿಳಿ ಚಿಟ್ಟೆಗಳು ಪಟಪಟ ರೆಕ್ಕೆ ಬಡಿಯುತ್ತ ಒಂದರ ಮೇಲೊಂದು ಉರುಳಿ ಬಿದ್ದವು. ಹಾರಲು ಬಾರದ ಜಾತಿ ಅದು, ಹಿಡಿದುಕೊಳ್ಳಲು ಬರುತ್ತದೆ. ಹೆಡ್‌ಮೇಷ್ಟ್ರ ಬೋಳುತಲೆಯ ಮೇಲೆ ಎರಡು, ಪಂಚೆಯ ಮೇಲೆ ಏಳೆಂಟು. ಬಿದ್ದ ಕಡೆಯೆಲ್ಲ ಕಂದು ಬಣ್ಣದ ಚುಕ್ಕೆ ಬಿಟ್ಟವು. ತಿಳಿನೀಲಿ ಸೀರೆಯ ಗತಿ ನಾನು ಬರೆಯಲಾರೆ.

ಬಾಗಿಲಿಗೆ ಹಾರಿದೆ. ಎಳೆದೆ. ಬರಲಿಲ್ಲ. ಹೆಡ್‌ಮೇಷ್ಟ್ರೂ ನನ್ನ ಸೊಂಟ ಹಿಡಿದು ಎಳೆದರು. ಹಿಡಿ ಕಿತ್ತು ಕೈಗೆ ಬಂತು!

"ಸರೋಜಾ!" ಎಂದು ನಾನು ಕೂಗಿದೆ. "ಯಾರ್ರೀ ಅಲ್ಲಿ!" ಎಂದು ಹೆಡ್‌ಮೇಷ್ಟ್ರು ಗುಡುಗಿದರು. ರತ್ನಮ್ಮನವರದ್ದು ಮಾತಿಲ್ಲ, ಒಂದೇ ಸಮನೆ ಚೀತ್ಕಾರ. ಅಡುಗೆಮನೆಯಲ್ಲಿದ್ದ ಸರೋಜ ಇದನ್ನೆಲ್ಲ ಕೇಳಿಸಿಕೊಂಡಳಂತೆ. ಆದರೆ, "ನಾರಾಯಣಪ್ಪನೋರ ಮನೇಲಿ ಇವತ್ತು ರಾಣಿ ಪಾರ್ಟು ಜೋರಾಗಿದೆ ಅಂದ್ಕೊಂಡೆ" ಎಂದು ಆಮೇಲೆ ಹೇಳಿದಳು.

ಕೊನೆಗೆ ಪಕ್ಕದ ಮನೆಯ ಹಾರ್ಮೋನಿಯಂ ನಿಂತಿತು. ನಮ್ಮ ಪಡಸಾಲೆಯಲ್ಲಿ ನಾರಾಯಣಪ್ಪನವರ ದನಿ ಕೇಳಿಸಿತು.

"ಅಮ್ಮಾ ಸರೋಜಾ, ತಪ್ಪು ತಿಳ್ಕೋಬೇಡ ತಲ್ಲಿ. ನಿಮ್ಮ ಮನೇಲಿ ಸ್ವಲ್ಪ ಗಲಾಟೆ ಕಡಿಮೆ ಮಾಡಿದ್ರೆ ಒಳ್ಳೇದು. ನಮ್ಮ ಹುಡುಗ್ರಿಗೆ ತಾಳ ತಪ್ತಾ ಇದೆ!"

ಆಗ ಸರೋಜಳಿಗೆ ವಿಷಯ ತಿಳಿಯಿತು. ರಾಕ್ಷಸನ ಪಾರ್ಟಿನವನು ಬಂದು ಭುಜ ಕೊಟ್ಟ. ಒಂದೇ ಪೆಟ್ಟಿಗೆ ಬಾಗಿಲು ತೆರೆಯಿತು. ಬಾಗಿಲ ಹಿಂದೆ ನಾನಿದ್ದೆ. ಅದಿರಲಿ.

ಹೆಡ್‌ಮೇಷ್ಟ್ರು ತಲೆಯ ಮೇಲಿನ ಚಿಟ್ಟೆಯನ್ನು ತೆಗೆದು ಮೆಲ್ಲಗೆ ನನ್ನ ಅಂಗೈಗೆ ಇಟ್ಟರು. "ಏಳನೇ ಕ್ಲಾಸಿನ ವಿಜ್ಞಾನ ನಾಳೆಯಿಂದ ನಾನೇ ತಗೋತೀನಿ" ಎಂದರು. ರತ್ನಮ್ಮನವರು ಸೆರಗು ಕೊಡವಿಕೊಂಡು ಹೊರಟೇಬಿಟ್ಟರು. ಉಪ್ಪಿಟ್ಟನ್ನೂ ಮುಟ್ಟಲಿಲ್ಲ.

ಅವರು ಹೋದ ಮೇಲೆ ನಾರಾಯಣಪ್ಪನವರು ಗೋಡೆಯ ಮುಂದೆ ನಿಂತು, "ಇದೇನಯ್ಯಾ ಮೇಷ್ಟ್ರೇ, ಯಾತಕ್ಕೆ ಇದೆಲ್ಲ?" ಎಂದು ಕೇಳಿದರು. ನಾನು ಹಣೆಯ ಬುಗುಟು ಒತ್ತಿಕೊಳ್ಳುತ್ತ ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಸರೋಜ ಹೇಳಿಯೇಬಿಟ್ಟಳು.

"ನನಗೆ ಪರೀಕ್ಷೆ ಇದೆ ಮಾವಾ. ನಿಮ್ಮ ತಾಲೀಮಿನ ಸದ್ದಿಗೆ ಓದೋಕೆ ಆಗ್ತಿಲ್ಲ."

"ಅಯ್ಯೋ ತಲ್ಲಿ, ಮೊದಲೇ ಹೇಳಬಾರದಾ! ಮೇಷ್ಟ್ರಿಗೆ ಸಂಗೀತ ಅಂದ್ರೆ ಪ್ರಾಣ ಅಂತ ತಾಲೀಮು ನಮ್ಮ ಮನೇಲಿ ಇಟ್ಕೊಂಡಿದ್ದೆ ಕಣಮ್ಮ. ಇಲ್ಲಾಂದ್ರೆ ಇವನ ಬೈರಕೂರಿನ ತೋಪಿನಲ್ಲೇ ಮಾಡ್ತಿದ್ದೆ. ಏನಯ್ಯಾ?"

"ನಮಗೂ ಬಸ್ ಚಾರ್ಜು ಉಳೀತದೆ" ಎಂದ ರಾಕ್ಷಸ, ಬಲು ಮೆದು ದನಿಯಲ್ಲಿ.

ಮುಗಿಯಿತು. ಎರಡು ಚೀಲ ಗೂಡು, ಒಂದು ಕೊಳದಪ್ಪಲೆ ಮೈದಾ, ಒಂದು ವಾರದ ಇಂಜಿನಿಯರಿಂಗು ಮಾಡದಿದ್ದ ಕೆಲಸ ಎರಡು ವಾಕ್ಯದಲ್ಲಿ ಆಯಿತು. ಸುದ್ದಿ ಕೇಳಿ ಮುನಿರಾಜು ಬಂದು, ನಗು ತಡೆದುಕೊಳ್ಳಲು ಬಾಯಿಗೆ ಟವೆಲ್ಲು ಒತ್ತಿಕೊಂಡು, ಚಿಟ್ಟೆಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಹೋದ. ಸರೋಜ ಗಣಿತದ ಪುಸ್ತಕದ ಮೇಲಿನ ಮೊಟ್ಟೆಗಳನ್ನು ಸೀರೆಯ ಸೆರಗಿನಿಂದ ಒರೆಸಿ ಲೆಕ್ಕ ಮಾಡಲು ಕೂತಳು.

ಆ ಸಂಜೆ ನಮ್ಮ ಮನೆಯಲ್ಲಿ ಎಂಥ ಮೌನ! ಹಾರ್ಮೋನಿಯಂ ಇಲ್ಲ, ರಾಕ್ಷಸನಿಲ್ಲ. ನಾನು ಸಂತೃಪ್ತಿಯಿಂದ ಕುರ್ಚಿಯಲ್ಲಿ ಕಾಲು ಚಾಚಿ, ಪತ್ರಿಕೆ ಬಿಡಿಸಿ, ಕಾಫಿ ಹೀರಿದೆ. ಕೋಣೆಯಿಂದ ಸರೋಜಳ ದನಿ ಬಂತು.

"ರೀ..."

"ಏನೇ? ಎಷ್ಟು ಪ್ರಶಾಂತವಾಗಿದೆ ಅಲ್ವಾ?"

"ಹೌದು. ನೀವು ಪತ್ರಿಕೆ ಮಗುಚೋದು, ಕಾಫಿ ಸೊರ್ ಅನ್ನಿಸೋದು, ಆ ಕುರ್ಚಿ ಕಿರ್ರ್ ಅನ್ನಿಸೋದು ಬಿಟ್ಟರೆ ಇನ್ನೇನೂ ಕೇಳಿಸ್ತಿಲ್ಲ. ಸ್ವಲ್ಪ ಹೊತ್ತು ಹೊರಗೆ ಹೋಗಿ ಬರ್ತೀರಾ?"

ಪರೀಕ್ಷೆ ಮುಗಿಯುವವರೆಗೂ ಸಂಜೆಯೆಲ್ಲ ನಾನು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಮಕ್ಕಳ ನೋಟ್‌ಬುಕ್ ತಿದ್ದಿದೆ. ಸರೋಜ ಪಾಸಾದಳು, ಗಣಿತದಲ್ಲೇ ಎಲ್ಲಕ್ಕಿಂತ ಹೆಚ್ಚು ಅಂಕ! ಬೀದಿಯವರಿಗೆಲ್ಲ ಸಕ್ಕರೆ ಹಂಚುತ್ತ, ಈ ಯಶಸ್ಸಿನಲ್ಲಿ ಗಂಡನ ಪಾತ್ರವೇನೆಂದು ಯಾರೋ ಕೇಳಿದರೆ ಅವಳು ಪ್ರಾಮಾಣಿಕವಾಗಿ ಉತ್ತರಿಸಿದಳು:

"ಅವರು ಮನೇಲಿ ಇರಲಿಲ್ಲ."