ಇಂಜಿನಿಯರಿಂಗ್ ಪುಸ್ತಕಗಳ ಮನೆ ಹುಡುಕಾಟ

ಕಾಲೇಜಿನಲ್ಲಿ ಕಲಿತದ್ದೆಲ್ಲ ಪರೀಕ್ಷೆ ಮುಗಿದ ವಾರವೇ ನನ್ನನ್ನು ಬಿಟ್ಟುಹೋಯಿತು. ಪುಸ್ತಕಗಳು ಮಾತ್ರ ಬಿಡಲೊಲ್ಲವು. ಅವುಗಳಿಂದ ಒಂದಿಲ್ಲೊಂದು ಫಜೀತಿ ನಡೆದೇ ಇರುತ್ತದೆ.

ಈ ಸಲದ್ದು ಹೆಂಡತಿಯಿಂದ ಶುರುವಾಯಿತು. ಖಾಸಗಿ ಶಾಲೆಯ ಚಾಕರಿ ಬಿಟ್ಟು, ಜೇವರ್ಗಿ ಕಾಲೋನಿಯ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಸ್ವಂತ ಟ್ಯೂಷನ್ ತೆರೆಯಬೇಕೆಂಬುದು ಅವಳ ಬಹುದಿನದ ಆಸೆ. ಆ ಕೋಣೆಯಲ್ಲಿ ನನ್ನ ಪುಸ್ತಕಗಳು ಠಿಕಾಣಿ ಹೂಡಿದ್ದವು. ಶಾಲೆ ಶುರುವಾಗುವುದರೊಳಗೆ ಅವು ಹೋಗದಿದ್ದರೆ ಮಕ್ಕಳನ್ನು ನನ್ನ ತಲೆಯ ಮೇಲೆ ಕೂರಿಸುವುದಾಗಿ ಹೇಳಿದಳು.

೧. ಮಡಿ

ರದ್ದಿಯವನನ್ನು ಕರೆದೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು. ಪ್ರತಿ ಮಹಾನವಮಿಗೆ ಅವಳು ಆ ಪುಸ್ತಕಗಳಿಗೆ ವಿಭೂತಿ ಹಚ್ಚಿ ಹೂವೇರಿಸುತ್ತಾಳೆ. ಪೂಜೆ ಮಾಡಿದ್ದನ್ನು ತಕ್ಕಡಿಗೆ ಹಾಕುವುದೇ ಎಂದು ರೇಗಿದಳು. ಹಳೆಯ ಪುಸ್ತಕ, ಯಾರೂ ಓದುವುದಿಲ್ಲ ಎಂದು ತಿಳಿಸಿ ಹೇಳಿದೆ.

"ನೀ ಓದಿದ್ರ ಎಂಜಲಾಗಿರ್ತಿದ್ವು, ಕೊಡ್ತಿದ್ದೆ. ನೀ ಮುಟ್ಟೇ ಇಲ್ಲ, ಇನ್ನೂ ಮಡಿಯಾಗ ಅವ" ಎಂದಳು.

ರದ್ದಿಯವನು ಪುಸ್ತಕಗಳಿಗೆ ಕೈಮುಗಿದು ಹೋದ.

೨. ಉಪಯೋಗ

ಮಾರುವಂತಿಲ್ಲ ಎಂದಮೇಲೆ, ಕೆಲಸದ ಜಾಗದಲ್ಲಾದರೂ ಇಡೋಣವೆಂದು ಒಂದಷ್ಟನ್ನು ಕಪನೂರಕ್ಕೆ ಒಯ್ದೆ. ಅಲ್ಲಿನ ಒಂದು ದಾಲ್ ಮಿಲ್ಲಿನಲ್ಲಿ ನಾನು ಸೂಪರ್‌ವೈಸರ್. ತೊಗರಿ ಸೋಸುವ ಯಂತ್ರ ಗಡಗಡ ನಡುಗುತ್ತದೆಂದು ಮಾಲೀಕರು ನನ್ನನ್ನು ದಿನಾ ಬಯ್ಯುತ್ತಿದ್ದರು. ಅಂದು ನನ್ನ ಚೀಲದಿಂದ ಎಲ್ಲಕ್ಕಿಂತ ದಪ್ಪನೆಯ ಪುಸ್ತಕ ಎತ್ತಿ ಯಂತ್ರದ ಕಾಲಿನಡಿ ತುರುಕಿಸಿದರು. ಅದು ಯಂತ್ರಗಳ ಕಂಪನ ಕುರಿತ ಪುಸ್ತಕವೇ ಆಗಿತ್ತು. ನಡುಕ ನಿಂತಿತು.

"ನೋಡ್ರಿ ಸಾಹೇಬರ" ಎಂದರು, "ನಿಮ್ಮ ಓದು ಇವತ್ತ ನಮಗ ಉಪಯೋಗಕ್ಕ ಬಂತು."

ಉಳಿದವನ್ನು ವಾಪಸ್ ಒಯ್ಯಲು ಹೇಳಿದರು. ಬೇರೆ ಯಂತ್ರಗಳು ನಡುಗುತ್ತಿರಲಿಲ್ಲ.

೩. ಷೋಕೇಸು

ಕಮಲಾಪುರದ ಮಾವನವರು ಮಾತ್ರ ತಾವಾಗಿಯೇ ಬಂದು ಎಲ್ಲವನ್ನೂ ಜೀಪಿಗೆ ಹೇರಿಕೊಂಡು ಹೋದರು. ಅಳಿಯ ದೊಡ್ಡ ಇಂಜಿನಿಯರ್ ಎಂದು ಊರಿಗೆಲ್ಲ ಹೇಳಿಕೊಂಡಿದ್ದರು, ಸಾಕ್ಷಿ ಇರಲಿಲ್ಲ. ಪಡಸಾಲೆಯ ಗಾಜಿನ ಷೋಕೇಸಿನಲ್ಲಿ ಪುಸ್ತಕ ಜೋಡಿಸಿದರು. ನೋಡಲು ಬಂದವರು ಮಾರನೆಯ ದಿನ ಕೆಟ್ಟ ಪಂಪು, ಮಿಕ್ಸರು, ಫ್ಯಾನು ತಂದು ಅಳಿಯ ಬಂದಾಗ ನೋಡಲಿ ಎಂದು ಅಂಗಳದಲ್ಲಿಟ್ಟರು. ಆ ಭಾನುವಾರ ಹೋದ ನಾನು ಒಂದು ಮಿಕ್ಸರು ಬಿಚ್ಚಿದೆ, ಕೂಡಿಸಲಾಗಲಿಲ್ಲ. ಮಾವನವರು ಅದೇ ಸಂಜೆ ನನ್ನನ್ನೂ ಪುಸ್ತಕಗಳನ್ನೂ ಜೀಪಿಗೆ ಹತ್ತಿಸಿ, ಜೊತೆಗೊಂದು ಕೆಂಪು ಬಾಳೆಗೊನೆ ಇಟ್ಟರು.

"ಬುಕ್ಕು ನಿಮ್ಮ ಮನಿಯಾಗ ಇರಲಿ" ಎಂದರು. "ನಮ್ಮ ಮನಿಯಾಗ ಮರ್ಯಾದಿ ಇರಲಿ."

೪. ಮೊದಲ ಪ್ರವೇಶ

ಶಾಲೆ ಶುರುವಾಯಿತು. ಟ್ಯೂಷನ್ ಬೋರ್ಡು ಹಾಕಿದರೂ ಒಂದು ಮಗುವೂ ಬರಲಿಲ್ಲ. ನಮ್ಮ ಓಣಿಯಲ್ಲಿ ಮನೆಗೊಂದು ಟ್ಯೂಷನ್. ಸಂಜೆಯಾದರೆ ಹೆಂಡತಿ ಬಾಗಿಲು ನೋಡುತ್ತ ಕೂರುತ್ತಿದ್ದಳು. ಒಂದು ದಿನ ಸಿಟ್ಟಿನಿಂದ, ಮಕ್ಕಳ ಬದಲು ಇವಾದರೂ ಕೂರಲಿ ಎಂದು ಪುಸ್ತಕಗಳನ್ನೆಲ್ಲ ಗೋಡೆಗುಂಟ ಜೋಡಿಸಿದಳು. ಅಡುಗೆ ನನಗೆ ಒಪ್ಪಿಸಿ ಮತ್ತೆ ಬಾಗಿಲಲ್ಲಿ ಕೂತಳು.

ಆಗಲೇ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಪುಸ್ತಕ ನೋಡಿ ದನಿ ತಗ್ಗಿಸಿ, ಇಷ್ಟೆಲ್ಲ ನೀವೇ ಓದಿದ್ದೇ ಎಂದು ಕೇಳಿದರು. ಹೌದೆಂದಿದ್ದರೆ ಕೆಲಸ ಆಗುತ್ತಿತ್ತು. ನನ್ನ ಹೆಂಡತಿಗೆ ಸುಳ್ಳು ಬರುವುದಿಲ್ಲ.

"ಇಲ್ರಿ. ಇವು ನಮ್ಮ ಮನಿಯವರವು. ಅವರು ಒಳಗ ಉಳ್ಳಾಗಡ್ಡಿ ಹೆಚ್ಚಾಕತ್ತಾರ."

ಆ ತಾಯಿ ಬಗ್ಗಿ ಒಳಗೆ ನೋಡಿದರು. ನಾನು ಈರುಳ್ಳಿಯ ಘಾಟಿಗೆ ಕಣ್ಣೀರು ಸುರಿಸುತ್ತ ಈಳಿಗೆಮಣೆಯ ಮುಂದೆ ಕೂತಿದ್ದೆ. ಬಹಳ ಹೊತ್ತು ನೋಡಿದರು. ಆಮೇಲೆ ಮಗಳನ್ನು ಮುಂದೆ ತಳ್ಳಿದರು.

"ಈಕಿನ್ನ ಇವತ್ತಿನಿಂದನ ಹಚ್ಕೊಳ್ರಿ. ಆ ಬುಕ್ಕು ಓದಸೂದು ಬ್ಯಾಡ. ಇಂಥಾ ಗಂಡ ಸಿಗಬೇಕಂದ್ರ ನೀವೇನ ಓದೀರಿ, ಅದನ್ನ ಕಲಿಸ್ರಿ."